ಸುಳಿ ಉಳಿದರೆ ಮರ ಉಳಿಯಿತು: ಬೇರೆ ಬೇರೆ ಹವೆಯಲ್ಲಿ ಪಾಮ್ ಬೆಳೆಸುವ, ಸಂಗ್ರಹಿಸುವ ಸಮಗ್ರ ಮಾರ್ಗದರ್ಶಿ

ಮಾವಿನ ಮರದ ತುದಿ ಕಡಿದರೆ ಪಕ್ಕದಲ್ಲಿ ನಾಲ್ಕು ಚಿಗುರು ಒಡೆಯುತ್ತವೆ. ತೆಂಗಿನ ಸುಳಿ ಕೊಳೆತರೆ ಮರದ ಕಥೆ ಅಲ್ಲಿಗೆ ಮುಗಿಯಿತು. ಸುಮಾರು 2,600 ಜಾತಿಗಳಿರುವ ಪಾಮ್ ಕುಟುಂಬದಲ್ಲಿ ಹೆಚ್ಚಿನವುಗಳ ಹಣೆಬರಹ ಇದೇ: ಒಂದು ಕಾಂಡ, ಅದರ ನೆತ್ತಿಯಲ್ಲಿ ಒಂದೇ ಒಂದು ಸುಳಿ. ಗುಂಪಾಗಿ ಬೆಳೆಯುವ ರೇಪಿಸ್, ಕೆಮೆರೊಪ್ಸ್‌ನಂಥವುಗಳಲ್ಲೂ ಪ್ರತಿ ಕಾಂಡಕ್ಕೆ ಅದರದ್ದೇ ಸುಳಿ. ಒಂದು ಸತ್ತರೆ ಉಳಿದವು ಬದುಕುತ್ತವೆ, ಅಷ್ಟೇ ವ್ಯತ್ಯಾಸ. ನೀರು ಹಾಕುವುದು, ಗೊಬ್ಬರ ಕೊಡುವುದು, ಚಳಿಯಲ್ಲಿ ಹೊದಿಸುವುದು, ಗರಿ ಕತ್ತರಿಸುವುದು ಎಲ್ಲವೂ ಕೊನೆಗೆ ಆ ಒಂದು ಮೊಳಕೆಯನ್ನು ಕಾಯುವ ಕೆಲಸವೇ.

ಇನ್ನೊಂದು ಸಂಗತಿಯನ್ನೂ ಮೊದಲೇ ತಿಳಿದಿರಬೇಕು. ಪಾಮ್‌ಗಳ ಕಾಂಡ ಬೇವು, ಹುಣಸೆಯಂತೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋಗುವುದಿಲ್ಲ. ತೊಗಟೆಯ ಕೆಳಗೆ ಹೊಸ ಮರ ಕಟ್ಟುವ ಪದರವೇ ಅವಕ್ಕಿಲ್ಲ. ಆದ್ದರಿಂದ ಸಸಿ ಮೊದಲು ನೆಲಮಟ್ಟದಲ್ಲೇ ಬುಡವನ್ನು ಅಗಲ ಮಾಡಿಕೊಂಡು, ಅದು ಸಾಕಷ್ಟು ದಪ್ಪವಾದ ಮೇಲೆಯೇ ಮೇಲಕ್ಕೆ ಏಳುತ್ತದೆ. ಕೆಲವು ಜಾತಿಗಳಿಗೆ ಇದಕ್ಕೆ ಹತ್ತು ವರ್ಷವೂ ಹಿಡಿಯಬಹುದು. ‘ಗಿಡ ಬೆಳೆಯುತ್ತಲೇ ಇಲ್ಲ’ ಎಂದು ಬೇಸತ್ತು ಕಿತ್ತುಹಾಕುವವರು ಹೆಚ್ಚಾಗಿ ಈ ಹಂತದಲ್ಲೇ ಕೈಬಿಡುತ್ತಾರೆ. ಕಾಂಡಕ್ಕೆ ಆದ ಗಾಯವೂ ಮಾಯುವುದಿಲ್ಲ. ಮೊಳೆ ಹೊಡೆದ ತೂತು, ಏಣಿ ಉಜ್ಜಿದ ಗುರುತು, ಕತ್ತಿ ತಾಗಿದ ಕಚ್ಚು ಎಲ್ಲವೂ ಮರ ಇರುವಷ್ಟು ಕಾಲ ಹಾಗೆಯೇ ಉಳಿಯುತ್ತವೆ.

ಹಂತ 1: ನಿಮ್ಮ ಹವೆಯನ್ನು ಓದಿ

ಪಾಮ್ ಪ್ರಿಯರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಚಳಿ ತಡೆಯುತ್ತದೆ?’ ಎಂಬುದು. ಪ್ರಶ್ನೆ ಸರಿ, ಆದರೆ ಸಾಲದು. ಅಮೆರಿಕದ ಕೃಷಿ ಇಲಾಖೆಯ ಪ್ರಸಿದ್ಧ ವಲಯ ನಕ್ಷೆ ಪ್ರದೇಶಗಳನ್ನು 13 ವಲಯಗಳಾಗಿ ವಿಂಗಡಿಸುವುದು ಒಂದೇ ಅಳತೆಯ ಮೇಲೆ: ವರ್ಷದ ಅತಿ ಚಳಿಯ ರಾತ್ರಿಯ ಸರಾಸರಿ ತಾಪಮಾನ. ಅದೇ ಅಳತೆಗೋಲನ್ನು ಹಿಡಿದರೆ ಇಂಗ್ಲೆಂಡಿನ ನೈಋತ್ಯ ಕರಾವಳಿಯೂ ಅರಿಜೋನಾ ಮರುಭೂಮಿಯ ಕೆಲವು ಭಾಗಗಳೂ ಒಂದೇ ವಲಯ 9ಕ್ಕೆ ಸೇರುತ್ತವೆ. ಒಂದು ಕಡೆ ಬೇಸಿಗೆಯಲ್ಲೂ ತಂಪು, ತುಂತುರು. ಇನ್ನೊಂದು ಕಡೆ ಕಾದ ಹೆಂಚು. ಎರಡೂ ಕಡೆ ಒಂದೇ ಪಾಮ್ ಬೆಳೆಯುತ್ತದೆ ಎಂದುಕೊಂಡರೆ ಮೋಸ ಹೋದಂತೆ.

ನಿಮ್ಮ ಜಾಗದ ಬಗ್ಗೆ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಚಳಿಗಾಲದ ಕನಿಷ್ಠ ತಾಪಮಾನ ಎಷ್ಟು? ಆ ಚಳಿ ಕೆಲವು ಗಂಟೆ ಇರುತ್ತದೆಯೇ, ದಿನಗಟ್ಟಲೆ ಇರುತ್ತದೆಯೇ? ಚಳಿಗಾಲ ಒಣಗಿರುತ್ತದೆಯೇ, ಮಳೆಯಿಂದ ಒದ್ದೆಯೇ? ಬೇಸಿಗೆಯ ರಾತ್ರಿ ಎಷ್ಟು ತಂಪಾಗುತ್ತದೆ? ಒಣಗಾಳಿ ಬೀಸುತ್ತದೆಯೇ? ಇವುಗಳಲ್ಲಿ ಮೂರನೆಯದು ಮತ್ತು ನಾಲ್ಕನೆಯದನ್ನು ಜನ ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಪಾಮ್‌ಗಳು ಸಾಯುವುದು ಹೆಚ್ಚಾಗಿ ಅಲ್ಲಿಯೇ.

ಕನಿಷ್ಠ–ಗರಿಷ್ಠ ದಾಖಲಿಸುವ ಎರಡು ಮೂರು ತಾಪಮಾಪಕಗಳನ್ನು ಒಂದು ಚಳಿಗಾಲವಿಡೀ ಹಿತ್ತಲಿನ ಬೇರೆ ಬೇರೆ ಮೂಲೆಗಳಲ್ಲಿ, ಗಿಡದ ಎತ್ತರಕ್ಕೆ ನೇತುಹಾಕಿ. ಒಂದೇ ಅಂಗಳದಲ್ಲಿ ಎರಡು ಮೂರು ಡಿಗ್ರಿ ವ್ಯತ್ಯಾಸ ಕಂಡರೆ ಆಶ್ಚರ್ಯಪಡಬೇಡಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಗರಿಗಳು ತಮ್ಮ ಶಾಖವನ್ನು ನೇರ ಆಕಾಶಕ್ಕೆ ಕಳೆದುಕೊಳ್ಳುತ್ತವೆ. ದೊಡ್ಡ ಮರದ ನೆರಳೋ ಮನೆಯ ಸೂರಿನ ಅಂಚೋ ಮೇಲಿದ್ದರೆ ಆ ನಷ್ಟ ತಗ್ಗುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನ ತಗ್ಗಿನಲ್ಲಿ ಬಂದು ನಿಲ್ಲುತ್ತದೆ, ಹಾಗಾಗಿ ಅಲ್ಲಿ ನೆಡಬಾರದು. ಹಗಲು ಕಾಯ್ದ ಕಲ್ಲಿನ ಅಥವಾ ಇಟ್ಟಿಗೆಯ ಗೋಡೆ ರಾತ್ರಿ ಶಾಖ ಬಿಡುತ್ತದೆ. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬುಡ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖಮಾಡಿದ ಗೋಡೆಯ ಬುಡ ಸೂಕ್ಷ್ಮ ಜಾತಿಗಳಿಗೆ ಮೀಸಲಿಡಬೇಕಾದ ಜಾಗ.

ಹಂತ 2: ಹವೆಗೆ ತಕ್ಕ ಜಾತಿಯನ್ನು ಆರಿಸಿ

*ಹಿಮ ಬೀಳುವ ಕಡೆ.* ಚಳಿ ತಡೆಯುವುದರಲ್ಲಿ ಅಗ್ರಸ್ಥಾನ ಅಮೆರಿಕದ ಆಗ್ನೇಯ ಭಾಗದ ಸೂಜಿ ಪಾಮ್, ರಾಪಿಡೋಫಿಲಮ್ ಹಿಸ್ಟ್ರಿಕ್ಸ್‌ಗೆ. ಬೇರೂರಿದ ಗಿಡ ಮೈನಸ್ 20 ಡಿಗ್ರಿಯ ಆಸುಪಾಸಿನವರೆಗೂ ಬದುಕಬಲ್ಲದು. ಅದೇ ನಾಡಿನ ಕುಳ್ಳ ಸಬಾಲ್ ಮೈನರ್ ಕೂಡ ಗಟ್ಟಿ. ಆದರೆ ಎರಡಕ್ಕೂ ಬೇಸಿಗೆಯ ಸೆಖೆ ಬೇಕು. ಇಲ್ಲದಿದ್ದರೆ ಬೆಳವಣಿಗೆ ತೆವಳುತ್ತದೆ. ಬೇಸಿಗೆಯೂ ತಂಪಾಗಿರುವ ಊರುಗಳಿಗೆ ಚೀನಾ ಮೂಲದ ಟ್ರಾಕಿಕಾರ್ಪಸ್ ಫಾರ್ಚುನಿಯೇ ಗತಿ. ಮೈನಸ್ 12ರಿಂದ 15ರವರೆಗೆ ತಾಳಿಕೊಳ್ಳುವ ಇದು ಸ್ವಿಟ್ಜರ್ಲೆಂಡಿನ ದಕ್ಷಿಣದ ಟಿಚಿನೊ ಪ್ರಾಂತ್ಯದ ಕಾಡುಗಳಲ್ಲಿ ತಾನಾಗಿಯೇ ಹಬ್ಬಿಕೊಂಡಿದೆ. ಪಾಮ್ ಬೆಳೆಸಲು ಆರಂಭಿಸುವವರು ತಂಪು ಪ್ರದೇಶದವರಾದರೆ ಮೊದಲ ಗಿಡ ಇದೇ ಆಗಲಿ. ಇದಕ್ಕಿರುವ ಒಂದೇ ಶತ್ರು ಗಾಳಿ. ಬೀಸಣಿಗೆಯಂಥ ಗರಿಗಳು ಚಿಂದಿಯಾಗುತ್ತವೆ.

*ಒಣ ಬೇಸಿಗೆ, ಒದ್ದೆ ಚಳಿಗಾಲದ ಕಡೆ.* ಮೆಡಿಟರೇನಿಯನ್ ಮಾದರಿಯ ಈ ಹವೆಗೆ ಆಯ್ಕೆ ಧಾರಾಳ. ಅಲ್ಲಿನದೇ ಆದ ಕೆಮೆರೊಪ್ಸ್ ಹ್ಯುಮಿಲಿಸ್ ಸುಮಾರು ಮೈನಸ್ 10ರವರೆಗೆ ಹೆದರುವುದಿಲ್ಲ. ಇಟಲಿಯ ಪಡುವಾ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಕೆಮೆರೊಪ್ಸ್ ಇಂದಿಗೂ ಇದೆ. 1786ರಲ್ಲಿ ಅದನ್ನು ನೋಡಿದ ಜರ್ಮನ್ ಕವಿ ಗಯಟೆಯ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ದಕ್ಷಿಣ ಅಮೆರಿಕದ ಬ್ಯುಟಿಯಾ ಒಡೊರಾಟಾ, ಒಂದು ಮೀಟರಿಗೂ ಮಿಕ್ಕಿದ ದಪ್ಪ ಕಾಂಡದ ಚಿಲಿಯ ಜುಬೇಯಾ ಚಿಲೆನ್ಸಿಸ್, ಬೂದು–ನೀಲಿ ಗರಿಯ ಮೆಕ್ಸಿಕೊದ ಬ್ರಾಹಿಯಾ ಅರ್ಮಾಟಾ, ಕೆನರಿ ದ್ವೀಪದ ಫೀನಿಕ್ಸ್ ಕೆನರಿಯೆನ್ಸಿಸ್ ಕೂಡ ಇಲ್ಲಿ ಸುಖವಾಗಿರುತ್ತವೆ. ಜುಬೇಯಾ ನೆಡುವವರು ಮೊಮ್ಮಕ್ಕಳಿಗಾಗಿ ನೆಡುತ್ತಿದ್ದೇವೆ ಎಂದುಕೊಳ್ಳುವುದು ಒಳ್ಳೆಯದು.

*ಮರುಭೂಮಿ, ಬಿಸಿ ಒಣಹವೆ.* ಖರ್ಜೂರದ ಬಗ್ಗೆ ಅರಬ್ಬರ ಮಾತೊಂದಿದೆ: ಅದಕ್ಕೆ ಕಾಲು ನೀರಿನಲ್ಲಿರಬೇಕು, ತಲೆ ಬೆಂಕಿಯಲ್ಲಿರಬೇಕು. ಹಣ್ಣು ಮಾಗುವ ಹೊತ್ತಿಗೆ ಮಳೆ ಬಂದರೆ ಫಸಲು ಕೆಡುತ್ತದೆ, ಆದ್ದರಿಂದ ಆ ಕಾಲದಲ್ಲಿ ಮಳೆ ಸುರಿಯುವ ಕಡೆ ಅದನ್ನು ಅಂದಕ್ಕಾಗಿ ಬೆಳೆಸಬಹುದೇ ಹೊರತು ಹಣ್ಣಿಗಾಗಿ ಅಲ್ಲ. ವಾಷಿಂಗ್ಟೋನಿಯಾದಲ್ಲಿ ಎರಡು ಜಾತಿಗಳಿವೆ. ದಪ್ಪ ಕಾಂಡದ ಫಿಲಿಫೆರಾ ಹೆಚ್ಚು ಚಳಿ ತಡೆಯುತ್ತದೆ, ಆದರೆ ಚಳಿ ಒಣಗಿರಬೇಕು. ಒದ್ದೆ ಚಳಿಯಲ್ಲಿ ಅದರ ಲೆಕ್ಕಾಚಾರವೆಲ್ಲ ತಲೆಕೆಳಗು. ತೆಳ್ಳನೆಯ ರೊಬಸ್ಟಾ ತೇವವನ್ನು ಸಹಿಸುತ್ತದೆ, ಹೆಚ್ಚು ಚಳಿಯನ್ನು ಸಹಿಸುವುದಿಲ್ಲ. ಮಡಗಾಸ್ಕರಿನ ಬೆಳ್ಳಿಬಣ್ಣದ ಬಿಸ್ಮಾರ್ಕಿಯಾ ನೊಬಿಲಿಸ್ ಬಿಸಿಲನ್ನು ಕುಡಿದಷ್ಟೂ ಹೊಳೆಯುತ್ತದೆ.

*ಬಿಸಿ, ತೇವದ ಉಷ್ಣವಲಯ.* ತೆಂಗು, ಅಡಿಕೆ, ತಾಳೆ, ಬೈನೆ, ಶ್ರೀತಾಳೆಗಳ ನಾಡು ಇದು. ಕುಟುಂಬದ ಬಹುಪಾಲು ಜಾತಿಗಳ ತವರೂ ಹೌದು. ಇಲ್ಲಿನ ಸಮಸ್ಯೆ ಅತಿ ಆಯ್ಕೆಯದು. ಒಂದು ಎಚ್ಚರಿಕೆ ಮಾತ್ರ: ಕೆಂಪು ಹಾಳೆಯ ಸಿರ್ಟೊಸ್ಟ್ಯಾಕಿಸ್ ರೆಂಡಾ ಚಿತ್ರದಲ್ಲಿ ಎಲ್ಲರನ್ನೂ ಮರುಳುಮಾಡುತ್ತದೆ. ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಬೋರ್ನಿಯೊಗಳ ಜೌಗು ಕಾಡಿನ ಈ ಗಿಡಕ್ಕೆ ವರ್ಷವಿಡೀ ಒದ್ದೆ ಬುಡ, ಬಿಸಿ ರಾತ್ರಿ ಬೇಕು. 15 ಡಿಗ್ರಿಗಿಂತ ಕೆಳಗಿನ ರಾತ್ರಿಗಳು ಸಾಲುಸಾಲಾಗಿ ಬಂದರೆ ಅದು ಸೊರಗತೊಡಗುತ್ತದೆ.

*ತಂಪು ಎತ್ತರದ ನಾಡು, ಹಿಮವಿಲ್ಲದ ಕರಾವಳಿ.* ಪಾಮ್ ಎಂದರೆ ಸೆಖೆ ಎಂಬ ನಂಬಿಕೆ ಮುರಿಯುವುದು ಇಲ್ಲಿ. ಕೊಲಂಬಿಯಾ 1985ರಲ್ಲಿ ರಾಷ್ಟ್ರೀಯ ಮರವೆಂದು ಘೋಷಿಸಿದ ಮೇಣದ ಪಾಮ್, ಸೆರಾಕ್ಸಿಲಾನ್ ಕ್ವಿಂಡಿಯುಯೆನ್ಸೆ, ಜಗತ್ತಿನ ಅತಿ ಎತ್ತರದ ಪಾಮ್; 60 ಮೀಟರ್ ಮುಟ್ಟಬಲ್ಲದು. ಆಂಡೀಸ್ ಬೆಟ್ಟಗಳಲ್ಲಿ 2,000 ಮೀಟರಿಗೂ ಮೇಲೆ ಮಂಜಿನಲ್ಲಿ ಬೆಳೆಯುವ ಅದನ್ನು ಬಿಸಿ ರಾತ್ರಿಯ ಊರಿಗೆ ತಂದರೆ ನೀರು, ಗೊಬ್ಬರ, ನೆರಳು ಯಾವುದೂ ಅದನ್ನು ಉಳಿಸುವುದು ಕಷ್ಟ. ನ್ಯೂಜಿಲೆಂಡಿನ ನಿಕಾವ್ ಪಾಮ್ ಚಾತಮ್ ದ್ವೀಪಗಳಲ್ಲಿ 44 ಡಿಗ್ರಿ ದಕ್ಷಿಣ ಅಕ್ಷಾಂಶದವರೆಗೂ ಕಾಣುತ್ತದೆ. ಅಷ್ಟು ದಕ್ಷಿಣದಲ್ಲಿ ಸಹಜವಾಗಿ ಬೆಳೆಯುವ ಪಾಮ್ ಬೇರೊಂದಿಲ್ಲ. ಆಸ್ಟ್ರೇಲಿಯಾದ ಲಾರ್ಡ್ ಹೌ ದ್ವೀಪದ ಕೆಂಟಿಯಾ ಪಾಮ್ ಕೂಡ ಇದೇ ಗುಂಪಿನದು. ಇವುಗಳಿಗೆ ತಂಪು ರಾತ್ರಿಯೇ ಆಹಾರ ಎಂದರೂ ತಪ್ಪಿಲ್ಲ.

ಯಾವುದೇ ಜಾತಿ ಕೊಳ್ಳುವ ಮೊದಲು ಅದರ ತವರಿನ ಎತ್ತರ ಮತ್ತು ಮಳೆಯ ತಿಂಗಳುಗಳನ್ನು ಹುಡುಕಿ ನೋಡಿ. ಮಾರುವವರು ಬರೆಯುವ ‘ಮೈನಸ್ ಇಷ್ಟು ಡಿಗ್ರಿ’ ಎಂಬ ಅಂಕಿಗಿಂತ ಇದು ಎಷ್ಟೋ ನಂಬಲರ್ಹ. ಆ ಅಂಕಿ ಯಾವಾಗಲೂ ಬಲಿತ, ಬೇರೂರಿದ ಮರದ್ದು. ಕುಂಡದಲ್ಲಿರುವ ಎರಡು ವರ್ಷದ ಸಸಿಯದ್ದಲ್ಲ.

ಹಂತ 3: ಬೀಜದಿಂದ ಆರಂಭಿಸಿ

ಸಂಗ್ರಹಕಾರರು ಬೀಜವನ್ನೇ ನೆಚ್ಚಿಕೊಳ್ಳುವುದಕ್ಕೆ ಕಾರಣ ಸರಳ. ಅಪರೂಪದ ಜಾತಿಗಳು ಗಿಡವಾಗಿ ಸಿಗುವುದೇ ಇಲ್ಲ, ಮತ್ತು ಒಂಟಿ ಕಾಂಡದ ಪಾಮ್ ಅನ್ನು ಕಡ್ಡಿ ನೆಟ್ಟು, ಕಸಿ ಕಟ್ಟಿ ಹೆಚ್ಚಿಸಲು ಬರುವುದಿಲ್ಲ. ಗುಂಪು ಪಾಮ್‌ಗಳನ್ನು ಬೇರುಸಹಿತ ಬಿಡಿಸಿ ನೆಡಬಹುದು. ಖರ್ಜೂರದ ಬುಡದಲ್ಲಿ ಹುಟ್ಟುವ ಕಂದುಗಳನ್ನು ತೆಗೆದು ನೆಡುವುದು ಸಾವಿರಾರು ವರ್ಷ ಹಳೆಯ ಪದ್ಧತಿ.

ಬೀಜದ ಆಯಸ್ಸು ಜಾತಿಯಿಂದ ಜಾತಿಗೆ ಆಕಾಶ–ಪಾತಾಳ. ಮೃತ ಸಮುದ್ರದ ದಂಡೆಯ ಮಸಾದಾ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಗಿಡವಾಯಿತು. ಮಳೆಕಾಡಿನ ಎಷ್ಟೋ ಜಾತಿಗಳ ಬೀಜ ಒಣಗಲು ಬಿಟ್ಟರೆ ಕೆಲವೇ ವಾರಗಳಲ್ಲಿ ಸತ್ತುಹೋಗುತ್ತದೆ. ಆದ್ದರಿಂದ ಒಣನಾಡಿನ ಬೀಜ ಕಾಯಬಲ್ಲದು, ಕಾಡಿನ ಬೀಜ ಬಂದ ದಿನವೇ ಬಿತ್ತಬೇಕು. ಹಳೆಯದೇ ತಾಜಾವೇ ಎಂದು ತಿಳಿಯಲು ನೀರಿನಲ್ಲಿ ತೇಲಿಸುವುದು ಅಷ್ಟಾಗಿ ನಂಬುವಂಥದ್ದಲ್ಲ. ಒಳ್ಳೆಯ ಬೀಜಗಳೂ ತೇಲುತ್ತವೆ. ಹತ್ತಿಪ್ಪತ್ತು ಬೀಜವಿದ್ದರೆ ಒಂದನ್ನು ಬಲಿಕೊಟ್ಟು ಕತ್ತರಿಸಿ ನೋಡಿ. ಒಳಗಿನ ತಿರುಳು ಬಿಳಿಯಾಗಿ, ಗಟ್ಟಿಯಾಗಿ, ತುಂಬಿಕೊಂಡಿದ್ದರೆ ಸರಿ. ಕಂದಾಗಿ ಮುಗ್ಗಲು ವಾಸನೆ ಬಂದರೆ ಉಳಿದವುಗಳ ಮೇಲೂ ಆಸೆ ಕಡಿಮೆ ಮಾಡಿ.

ಕ್ರಮ ಹೀಗೆ:

1. ಬೀಜದ ಹೊರಗಿನ ಹಣ್ಣಿನ ತಿರುಳನ್ನು ಪೂರ್ತಿ ತೆಗೆಯಿರಿ. ಉಳಿದ ತಿರುಳು ಬೂಸ್ಟು ಕರೆತರುತ್ತದೆ, ಮೊಳಕೆಯನ್ನೂ ತಡೆಯುತ್ತದೆ. ಬೈನೆ, ಅರೆಂಗಾ ಜಾತಿಗಳ ಹಣ್ಣಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುವುದರಿಂದ ಕೈಗವಸು ಹಾಕದೆ ಮುಟ್ಟಬೇಡಿ; ತುರಿಕೆ ಗಂಟೆಗಟ್ಟಲೆ ಬಿಡುವುದಿಲ್ಲ.

2. ಒಂದರಿಂದ ಮೂರು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನೀರನ್ನು ದಿನವೂ ಬದಲಿಸಿ.

3. ತೆಂಗಿನ ನಾರಿನ ಪುಡಿಯನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ. ನೀರು ತೊಟ್ಟಿಕ್ಕಬಾರದು, ಆದರೆ ಮುದ್ದೆ ಕಟ್ಟಬೇಕು. ಬಹುತೇಕ ಸೋಲು ಅತಿ ಒದ್ದೆಯಿಂದಲೇ ಬರುತ್ತದೆ.

4. ಬೀಜ ಮತ್ತು ನಾರಿನ ಪುಡಿಯನ್ನು ಬಾಯಿ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಜಾತಿಯ ಹೆಸರು, ತಾರೀಖು, ಬೀಜದ ಮೂಲ ಬರೆದು ಅಂಟಿಸಿ.

5. ಉಷ್ಣವಲಯದ ಜಾತಿಗಳಿಗೆ 28ರಿಂದ 35 ಡಿಗ್ರಿ, ತಂಪು ನಾಡಿನವುಗಳಿಗೆ 20ರಿಂದ 25 ಡಿಗ್ರಿ ಸಾಕು. ಬೆಳಕು ಬೇಕಿಲ್ಲ.

6. ವಾರಕ್ಕೊಮ್ಮೆ ಬಿಚ್ಚಿ ನೋಡಿ. ಬೂಸ್ಟು ಬಂದ ಬೀಜವನ್ನು ತೊಳೆದು ಹೊಸ ಚೀಲಕ್ಕೆ ಹಾಕಿ. ಒತ್ತಿದರೆ ಮೆತ್ತಗಾಗಿದ್ದರೆ ಎಸೆಯಿರಿ.

ವಾಷಿಂಗ್ಟೋನಿಯಾ ಕೆಲವು ವಾರಗಳಲ್ಲೇ ಮೊಳೆಯುತ್ತದೆ. ಟ್ರಾಕಿಕಾರ್ಪಸ್‌ಗೆ ಒಂದರಿಂದ ಮೂರು ತಿಂಗಳು. ಬ್ಯುಟಿಯಾ, ಜುಬೇಯಾ ವರ್ಷ ದಾಟಿಸಿದರೂ ಚೀಲ ಎಸೆಯಬೇಡಿ.

ಮೊಳೆಯುವ ಬಗೆಯನ್ನು ಹತ್ತಿರದಿಂದ ನೋಡಲು ಖರ್ಜೂರದ ಬೀಜವೇ ಸಾಕು. ಬೀಜದ ಸೀಳಿನ ಹಿಂಬದಿಯಲ್ಲಿ ಒಂದು ಪುಟ್ಟ ಚುಕ್ಕೆ ಇರುತ್ತದೆ. ಅಲ್ಲಿಂದ ಬಿಳಿಯ ದಾರದಂಥದ್ದು ಹೊರಬಂದು ನೇರ ಕೆಳಕ್ಕೆ ಇಳಿಯುತ್ತದೆ. ಅದು ಬೇರೆಂದೇ ಅನ್ನಿಸುತ್ತದೆ, ಆದರೆ ಅದು ಬೀಜದೆಲೆಯ ತೊಟ್ಟು. ತುದಿ ಕೆಲವು ಸೆಂಟಿಮೀಟರ್ ಇಳಿದ ಮೇಲೆ ಉಬ್ಬುತ್ತದೆ. ನಿಜವಾದ ಬೇರು ಆ ಉಬ್ಬಿನಿಂದ ಕೆಳಕ್ಕೂ, ಮೊದಲ ಎಲೆ ಅದೇ ಉಬ್ಬಿನ ಪಕ್ಕ ಸೀಳಿಕೊಂಡು ಮೇಲಕ್ಕೂ ಹೊರಡುತ್ತವೆ. ಬೀಜದಿಂದ ದೂರದಲ್ಲಿ ಗಿಡ ಹುಟ್ಟುವ ಈ ಬಗೆ ತಾಳೆ, ಬಿಸ್ಮಾರ್ಕಿಯಾ, ಸಬಾಲ್‌ಗಳಲ್ಲೂ ಇದೆ. ತಾಳೆಯಲ್ಲಿ ಈ ತೊಟ್ಟು ಬಹಳ ಆಳಕ್ಕೆ ಹೋಗುವುದರಿಂದ ಅಗಲ ಕಡಿಮೆಯಾದರೂ ಆಳ ಹೆಚ್ಚಿರುವ ಕುಂಡವೇ ಬೇಕು. ಅಡಿಕೆ, ತೆಂಗಿನಲ್ಲಿ ಹೀಗಲ್ಲ. ಬೀಜಕ್ಕೆ ಅಂಟಿಕೊಂಡೇ ಮೊಳಕೆ ಬರುತ್ತದೆ, ಅವುಗಳನ್ನು ಅರ್ಧ ಹೂತರೆ ಸಾಕು. ಎರಡೂ ಬಗೆಯಲ್ಲಿ ಬೀಜವನ್ನು ಸಸಿಯಿಂದ ಕೀಳಬಾರದು. ತಿಂಗಳುಗಟ್ಟಲೆ ಸಸಿ ಉಣ್ಣುವುದು ಅದನ್ನೇ.

ಹಂತ 4: ಕುಂಡದ ಸಸಿ

ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ದಪ್ಪ ಮರಳು, ಜಲ್ಲಿಚೂರು, ಮರದ ತೊಗಟೆಯಂಥ ಬೇಗ ಕುಸಿಯದ ವಸ್ತುವಿರಲಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕುಂಡವನ್ನು ಒಂದೇ ಸಲ ದೊಡ್ಡದು ಮಾಡಬೇಡಿ. ಬೇರು ತುಂಬದ ಮಣ್ಣು ಒದ್ದೆಯಾಗಿಯೇ ಉಳಿದು ಹುಳಿಯುತ್ತದೆ. ಬಿಸಿಲು ಪ್ರಿಯ ಜಾತಿಗಳಿಗೂ ಮೊದಲ ಒಂದೆರಡು ವರ್ಷ ಅರೆನೆರಳು ಒಳ್ಳೆಯದು. ನೆರಳಿನಿಂದ ಬಿಸಿಲಿಗೆ ತರುವಾಗ ಮೂರು ನಾಲ್ಕು ವಾರ ಹಂತಹಂತವಾಗಿ ಸರಿಸಿ. ಒಂದೇ ಮಧ್ಯಾಹ್ನದ ಬಿಸಿಲಿಗೆ ಸುಟ್ಟ ಗರಿ ಮತ್ತೆ ಹಸಿರಾಗುವುದಿಲ್ಲ, ಹೊಸ ಗರಿ ಬರುವವರೆಗೆ ಕಾಯಲೇಬೇಕು.

ಹಂತ 5: ನೆಲಕ್ಕೆ ಇಳಿಸುವುದು

ಗುಂಡಿ ತೋಡುವ ಮೊದಲು ನೀರಿನ ಪರೀಕ್ಷೆ ಮಾಡಿ. ಒಂದೂವರೆ ಅಡಿ ಆಳದ ಗುಂಡಿಗೆ ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಗುಂಡಿಯಲ್ಲಿ ನೆಡುವ ಬದಲು ದಿಬ್ಬ ಮಾಡಿ ನೆಡಿ. ಜೇಡಿಮಣ್ಣಿನಲ್ಲಿ ಗುಂಡಿ ತೆಗೆದು ಅದರೊಳಗೆ ಮಾತ್ರ ಗೊಬ್ಬರ, ಮರಳು ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಬಸಿದು ಬೇರು ಕೊಳೆಯುತ್ತದೆ.

ಕಾಂಡ ಮತ್ತು ಬೇರು ಕೂಡುವ ಜಾಗ ನೆಲಮಟ್ಟದಲ್ಲೇ ಇರಬೇಕು. ಅಲುಗಾಡದಿರಲಿ ಎಂದು ಆಳಕ್ಕೆ ಹೂಳುವುದು ಎಲ್ಲೆಡೆ ಕಾಣುವ ತಪ್ಪು. ಆಳ ಹೂತ ಮರ ಕೂಡಲೇ ಸಾಯುವುದಿಲ್ಲ. ವರ್ಷಗಳ ಮೇಲೆ ಸುಳಿಯ ಗರಿಗಳು ಹಳದಿಯಾಗಿ, ಕಿರಿದಾಗಿ, ಮರ ಬಡವಾಗುತ್ತಾ ಹೋಗುತ್ತದೆ. ಆಗ ಜನ ಕಬ್ಬಿಣಾಂಶ ಸುರಿಯುತ್ತಾರೆ. ಕಾರಣ ಮಣ್ಣಿನೊಳಗೆ ಉಸಿರುಕಟ್ಟಿದ ಬೇರು.

ಬೆಳೆದ ಮರ ಸ್ಥಳಾಂತರಿಸುವುದಾದರೆ ಬಿಸಿಗಾಲದ ಆರಂಭವೇ ಸೂಕ್ತ, ಏಕೆಂದರೆ ಬೇರು ಬೆಳೆಯುವುದು ಮಣ್ಣು ಬಿಸಿಯಾದಾಗ. ಇದರಲ್ಲಿ ಜಾತಿಗಳ ಸ್ವಭಾವ ಬೇರೆ ಬೇರೆ. ತೆಂಗಿನ ಕತ್ತರಿಸಿದ ಬೇರುಗಳಲ್ಲಿ ಸುಮಾರು ಅರ್ಧದಷ್ಟು ಮತ್ತೆ ಕವಲೊಡೆಯುತ್ತವೆ. ಸಬಾಲ್ ಪಾಲ್ಮೆಟ್ಟೊದಲ್ಲಿ ಕತ್ತರಿಸಿದ ಬೇರು ಬಹುತೇಕ ಪೂರ್ತಿ ಸಾಯುತ್ತದೆ, ಕಾಂಡದ ಬುಡದಿಂದ ಹೊಸ ಬೇರು ಬರಬೇಕು. ಹಾಗಾಗಿ ಅದನ್ನು ಸಾಗಿಸುವವರು ಗರಿಗಳನ್ನೆಲ್ಲ ಕಡಿದು ಬೋಳು ಮಾಡುತ್ತಾರೆ, ಕುಡಿಯಲು ಬೇರಿಲ್ಲದಾಗ ಬೆವರಲು ಗರಿಯೂ ಇರಬಾರದೆಂದು. ಬಿಸ್ಮಾರ್ಕಿಯಾವನ್ನು ನೆಲದಿಂದ ಎಬ್ಬಿಸುವ ಸಾಹಸ ಬೇಡ. ಕುಂಡದಿಂದಲೇ ಅದರ ಶಾಶ್ವತ ಜಾಗಕ್ಕೆ ನೆಡಿ, ಸುತ್ತ ಆರೇಳು ಮೀಟರ್ ಬಿಡಿ.

ಹಂತ 6: ಗರಿಯನ್ನು ಓದಿ ಗೊಬ್ಬರ ಕೊಡಿ

ಪಾಮ್ ತನ್ನ ಹಸಿವನ್ನು ಗರಿಯಲ್ಲೇ ಬರೆದು ತೋರಿಸುತ್ತದೆ. ಮೊದಲು ನೋಡಬೇಕಾದ್ದು ತೊಂದರೆ ಹಳೆಯ ಗರಿಯಲ್ಲಿದೆಯೇ, ಹೊಸ ಗರಿಯಲ್ಲಿದೆಯೇ ಎಂಬುದು.

ಅತಿ ಕೆಳಗಿನ ಗರಿಯ ಒಂದು ಎಸಳನ್ನು ಬೆಳಕಿಗೆ ಹಿಡಿದು ನೋಡಿ. ಅರೆಪಾರದರ್ಶಕ ಹಳದಿ–ಕಿತ್ತಳೆ ಚುಕ್ಕೆಗಳು ಕಂಡು ತುದಿಯಿಂದ ಸುಟ್ಟಂತಾಗಿದ್ದರೆ ಪೊಟ್ಯಾಸಿಯಂ ಕೊರತೆ. ಜಗತ್ತಿನಾದ್ಯಂತ ಮರಳು ಮಣ್ಣಿನ ಪಾಮ್‌ಗಳನ್ನು ಕಾಡುವ ತೊಂದರೆ ಇದು. ಎಸಳಿನ ಅಂಚು ಅಗಲವಾಗಿ ನಿಂಬೆಹಳದಿಯಾಗಿ, ನಡು ಹಸಿರಾಗಿಯೇ ಉಳಿದಿದ್ದರೆ ಮೆಗ್ನೀಸಿಯಂ. ಹೊಸ ಗರಿಗಳು ಕುಗ್ಗಿ, ಸುರುಟಿ, ಒಣಗಿದಂತೆ ಬಂದರೆ ಮ್ಯಾಂಗನೀಸ್. ಕ್ಷಾರ ಮಣ್ಣಿನಲ್ಲಿ ಇದು ಸುಳಿಯನ್ನೇ ಕೊಲ್ಲಬಲ್ಲದು, ತಡಮಾಡುವಂತಿಲ್ಲ. ಎಸಳಿನ ತುದಿ ಕೊಕ್ಕೆಯಂತೆ ಬಾಗಿದ್ದರೆ, ಗರಿ ಬಿಚ್ಚಿಕೊಳ್ಳದೆ ಮುದುಡಿದ್ದರೆ ಬೋರಾನ್. ಬೋರಾನ್ ಕೊಡುವಾಗ ಕೈ ಬಿಗಿಹಿಡಿಯಿರಿ, ಸ್ವಲ್ಪ ಹೆಚ್ಚಾದರೂ ಅದು ವಿಷ.

ಪೊಟ್ಯಾಸಿಯಂ ಕೊರತೆಯ ಹಳದಿ ಗರಿಯನ್ನು ಅಂದಗೆಟ್ಟಿದೆ ಎಂದು ಕತ್ತರಿಸುವುದು ಮರದ ಬಾಯಿಂದ ತುತ್ತು ಕಸಿದಂತೆ. ಮರ ಹಳೆಯ ಗರಿಯಲ್ಲಿರುವ ಪೊಟ್ಯಾಸಿಯಂ ಅನ್ನು ಎಳೆದು ಹೊಸ ಗರಿಗೆ ಕೊಡುತ್ತಿರುತ್ತದೆ. ಅದನ್ನು ಕಡಿದರೆ ಮುಂದಿನ ಗರಿಯಿಂದ ಎಳೆಯುತ್ತದೆ, ಹೀಗೆ ಹಳದಿ ಮೇಲೇರುತ್ತಾ ಹೋಗುತ್ತದೆ. ಪೂರ್ತಿ ಕಂದಾಗಿ ಒಣಗಿದ್ದನ್ನು ಮಾತ್ರ ತೆಗೆಯಿರಿ. ನೆಲಕ್ಕೆ ಸಮಾನಾಂತರವಾಗಿ ಚಾಚಿದ ಹಸಿರು ಗರಿಗಿಂತ ಮೇಲಿನದ್ದಕ್ಕಂತೂ ಕತ್ತಿ ತಾಗಿಸಲೇಬಾರದು.

ಫ್ಲಾರಿಡಾ ವಿಶ್ವವಿದ್ಯಾಲಯದ ತಜ್ಞರು ಶಿಫಾರಸು ಮಾಡುವ ಪ್ರಮಾಣ ಸಾರಜನಕ 8, ರಂಜಕ 2, ಪೊಟ್ಯಾಷ್ (ಅಂದರೆ ಪೊಟ್ಯಾಸಿಯಂ ಕೊಡುವ ಗೊಬ್ಬರ) 12, ಜೊತೆಗೆ ಮೆಗ್ನೀಸಿಯಂ 4. ಎಲ್ಲವೂ ನಿಧಾನವಾಗಿ ಕರಗುವ ರೂಪದಲ್ಲಿ. ಅಂಕಿ ಅದೇ ಸಿಗದಿದ್ದರೂ ತತ್ವ ನೆನಪಿರಲಿ: ಸಾರಜನಕಕ್ಕಿಂತ ಪೊಟ್ಯಾಷ್ ಹೆಚ್ಚು, ರಂಜಕ ತೀರ ಕಡಿಮೆ. ಹುಲ್ಲುಹಾಸಿಗೆ ಹಾಕುವ ಸಾರಜನಕದ ಗೊಬ್ಬರ ಪಾಮ್‌ನ ಬುಡಕ್ಕೂ ಬಿದ್ದರೆ ಹಸಿರು ಹೆಚ್ಚುತ್ತದೆ, ಪೊಟ್ಯಾಸಿಯಂ ಕೊರತೆ ಇನ್ನೂ ಬಿಗಡಾಯಿಸುತ್ತದೆ. ಗೊಬ್ಬರವನ್ನು ಕಾಂಡಕ್ಕೆ ಒತ್ತಿ ರಾಶಿ ಹಾಕದೆ ಗರಿಗಳ ನೆರಳಿನಷ್ಟು ಅಗಲಕ್ಕೆ ಎರಚಿ, ಮೇಲೆ ಒಣ ಎಲೆಯ ಮುಚ್ಚಿಗೆ ಹಾಕಿ.

ಹಂತ 7: ಚಳಿಯಲ್ಲಿ ಸುಳಿ ಕಾಯುವುದು

ಮರವನ್ನು ಕೊಲ್ಲುವುದು ಬಹುತೇಕ ಸಲ ಚಳಿಯ ಜೊತೆ ಸುಳಿಯೊಳಗೆ ಇಳಿದ ನೀರು. ಗರಿ ಸುಟ್ಟರೂ ಸುಳಿ ಗಟ್ಟಿಯಾಗಿದ್ದರೆ ಮರ ಬದುಕುತ್ತದೆ. ಆದ್ದರಿಂದ ಹೊದಿಕೆಗಿಂತ ಮೊದಲು ಸುಳಿಯ ಮೇಲೊಂದು ಮಳೆತಡೆ ಕಟ್ಟಿ. ಬುಡಕ್ಕೆ ಒಂದಡಿ ದಪ್ಪ ಒಣ ಎಲೆ ಅಥವಾ ಹುಲ್ಲು ಹೊದಿಸಿ, ಗರಿಗಳನ್ನು ಮೇಲಕ್ಕೆ ಸೇರಿಸಿ ಸಡಿಲವಾಗಿ ಕಟ್ಟಿ, ಗಾಳಿಯಾಡುವ ಬಟ್ಟೆ ಸುತ್ತಿ. ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಸುತ್ತಬಾರದು. ಹಗಲಿನ ಬಿಸಿಲಿಗೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಇನ್ನೂ ಕೆಲವು ಡಿಗ್ರಿ ಬೇಕಿದ್ದರೆ ಶಾಖ ಬಿಡುವ ಹಳೆಯ ಮಾದರಿಯ ಬಲ್ಬಿನ ಸರ ಅಥವಾ ತಾಪಮಾನ ಇಳಿದಾಗ ಮಾತ್ರ ಬಿಸಿಯಾಗುವ ತಾಪನ ತಂತಿಯನ್ನು ಒಳಗೆ ಸುತ್ತುತ್ತಾರೆ. ಚಳಿ ಇಳಿದ ಕೂಡಲೇ ಎಲ್ಲವನ್ನೂ ಬಿಚ್ಚಿ.

ಚಳಿ ಹೊಡೆದ ಮರದ ಸುಟ್ಟ ಗರಿಗಳನ್ನು ಬಿಸಿ ದಿನಗಳು ಬರುವವರೆಗೆ ಕತ್ತರಿಸಬೇಡಿ, ಮುಂದಿನ ಚಳಿಗೆ ಅವೇ ಹೊದಿಕೆ. ನಡುವಿನ ಸುಳಿಗರಿಯನ್ನು ಮೆಲ್ಲನೆ ಎಳೆದು ನೋಡಿ. ಗಟ್ಟಿಯಾಗಿದ್ದರೆ ನಿಶ್ಚಿಂತೆ. ಕೊಳೆತ ವಾಸನೆಯೊಂದಿಗೆ ಕೈಗೇ ಬಂದರೆ, ಒಳಗಿನ ಲೋಳೆಯನ್ನು ತೆಗೆದು ತಾಮ್ರಯುಕ್ತ ಶಿಲೀಂಧ್ರನಾಶಕವನ್ನು ಸುಳಿಗೆ ಸುರಿದು, ಮತ್ತೆ ನೀರು ಬೀಳದಂತೆ ಮುಚ್ಚಿ. ಅದನ್ನು ಪದೇ ಪದೇ ಹಾಕಬಾರದು, ತಾಮ್ರವೇ ಎಳೆಯ ಅಂಗಾಂಶವನ್ನು ಸುಡುತ್ತದೆ. ಸುಳಿಗರಿ ಕಳೆದುಕೊಂಡ ಎಷ್ಟೋ ಮರಗಳು ಕೆಲವು ತಿಂಗಳ ನಂತರ ತುಂಡಾದ, ವಿಕಾರವಾದ ಗರಿಯೊಂದನ್ನು ಹೊರದೂಡುತ್ತವೆ. ಅದು ಒಳ್ಳೆಯ ಸುದ್ದಿ.

ಹಂತ 8: ಹುಳು, ರೋಗ

ಕೆಂಪು ಮೂತಿ ಹುಳುವಿನ ತವರು ದಕ್ಷಿಣ ಮತ್ತು ಆಗ್ನೇಯ ಏಷ್ಯಾ. 1980ರ ದಶಕದಲ್ಲಿ ಅದು ಮಧ್ಯಪ್ರಾಚ್ಯಕ್ಕೂ, 1990ರ ದಶಕದಲ್ಲಿ ಸ್ಪೇನಿಗೂ ತಲುಪಿತು. ಸಾಗಿಸಿದ ದೊಡ್ಡ ಮರಗಳ ಜೊತೆಗೇ ಹೋಯಿತು. ಮೆಡಿಟರೇನಿಯನ್ ದಂಡೆಯ ಕೆನರಿ ಪಾಮ್‌ಗಳ ಸಾಲುಸಾಲನ್ನೇ ಅದು ತಿಂದುಹಾಕಿದೆ. ನೆತ್ತಿಯ ಗರಿಗಳು ಒಂದು ಬದಿಗೆ ವಾಲುವುದು, ಹುದುಗಿದ ವಾಸನೆ, ರಂಧ್ರದಿಂದ ನಾರು ಉದುರುವುದು ಇದರ ಗುರುತು. ಹೊರಗೆ ಕಾಣುವ ಹೊತ್ತಿಗೆ ಒಳಗೆ ಬಹಳಷ್ಟು ಆಗಿಹೋಗಿರುತ್ತದೆ. ಹಸಿ ಗಾಯದ ವಾಸನೆ ಹುಳುವನ್ನು ಕರೆಯುವುದರಿಂದ ಹುಳು ಹಾರಾಡುವ ಬಿಸಿಗಾಲದಲ್ಲಿ ಹಸಿರು ಗರಿ ಕಡಿಯಬೇಡಿ.

ಕೆನರಿ ಪಾಮ್‌ನ ಫ್ಯುಸೇರಿಯಂ ಸೊರಗು ರೋಗ ಗರಗಸದಿಂದಲೇ ಮರದಿಂದ ಮರಕ್ಕೆ ಹರಡುತ್ತದೆ. ಒಂದು ಮರ ಮುಗಿದ ಮೇಲೆ ಅಲಗನ್ನು ಚೆನ್ನಾಗಿ ಉಜ್ಜಿ ಬ್ಲೀಚ್ ದ್ರಾವಣದಲ್ಲಿ ಅದ್ದದೆ ಇನ್ನೊಂದನ್ನು ಮುಟ್ಟಬಾರದು. ಬುಡದಲ್ಲಿ ಗಟ್ಟಿಯಾದ ಅಣಬೆ ಮೂಡಿದರೆ ಅದು ಕಾಂಡದ ಬುಡವನ್ನು ಕೊಳೆಸುವ ಗ್ಯಾನೊಡರ್ಮಾ ಶಿಲೀಂಧ್ರ. ಆ ಹಂತದಲ್ಲಿ ಮದ್ದಿಲ್ಲ. ಆ ಜಾಗದಲ್ಲಿ ಮತ್ತೆ ಪಾಮ್ ನೆಡಬೇಡಿ.

ಮನೆಯೊಳಗಿನ ಕುಂಡಗಳನ್ನು ಕಾಡುವುದು ಕೆಂಪು ನುಸಿ, ಹಿಟ್ಟು ತಿಗಣೆ. ಎರಡಕ್ಕೂ ಒಣಗಾಳಿಯೇ ಮಿತ್ರ; ಗರಿಯ ಅಡಿಭಾಗವನ್ನು ಆಗಾಗ ನೀರಿನಲ್ಲಿ ತೊಳೆದರೆ ಅರ್ಧ ಕೆಲಸ ಮುಗಿಯಿತು. ಒಳಗೆ ಬೆಳೆಸಲು ಕೆಂಟಿಯಾ, ರೇಪಿಸ್ ಎಕ್ಸೆಲ್ಸಾ, ಕೆಮಡೋರಿಯಾ ಎಲೆಗನ್ಸ್ ಮೂರನ್ನು ಮಾತ್ರ ನಂಬಬಹುದು. ಮಡಗಾಸ್ಕರಿನ ನದಿದಂಡೆಯ ರಾವೆನಿಯಾ ರಿವುಲಾರಿಸ್ ಅನ್ನು ಕೋಣೆಯ ಗಿಡವೆಂದು ಮಾರುತ್ತಾರೆ. ಬೆಳಕು, ನೀರು ಎರಡನ್ನೂ ಧಾರಾಳವಾಗಿ ಬೇಡುವ ಆ ಗಿಡ ಕೋಣೆಯಲ್ಲಿ ಬದುಕುವುದಕ್ಕಿಂತ ನಿಧಾನವಾಗಿ ಸಾಯುತ್ತದೆ ಎನ್ನುವುದೇ ಸರಿ.

ಹಂತ 9: ಸಂಗ್ರಹ ಕಟ್ಟುವುದು

ಹೆಸರಿಲ್ಲದ ಗಿಡ ಸಂಗ್ರಹದ ಭಾಗವಲ್ಲ. ಪ್ರತಿ ಗಿಡಕ್ಕೂ ಒಂದು ಸಂಖ್ಯೆ, ಆ ಸಂಖ್ಯೆ ಕೊರೆದ ಅಲ್ಯೂಮಿನಿಯಂ ಚೀಟಿ, ಪುಸ್ತಕದಲ್ಲಿ ಬೀಜ ಬಂದ ಮೂಲ, ಬಿತ್ತಿದ ದಿನ, ಮೊಳೆತ ದಿನ, ನೆಟ್ಟ ಜಾಗ, ಪ್ರತಿ ಚಳಿಗಾಲದ ಕನಿಷ್ಠ ತಾಪಮಾನ ಮತ್ತು ಆದ ಹಾನಿ. ಪೆನ್ನಿನ ಬರಹ ಎರಡು ಬೇಸಿಗೆಗೆ ಮಾಸುತ್ತದೆ. ಪೆನ್ಸಿಲ್ ಅಥವಾ ಕೊರೆದ ಅಕ್ಷರ ಉಳಿಯುತ್ತದೆ. ಸಸಿಗಳ ಮೊದಲ ಎಲೆಗಳು ಬಹುತೇಕ ಒಂದೇ ಥರ ಇರುವುದರಿಂದ ಚೀಟಿ ಕಳೆದರೆ ವರ್ಷಗಟ್ಟಲೆ ಗುರುತು ಸಿಗುವುದಿಲ್ಲ.

ಬೀಜದ ಮೂಲ ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಫೀನಿಕ್ಸ್ ಜಾತಿಗಳು ಒಂದರೊಡನೊಂದು ಸುಲಭವಾಗಿ ಬೆರೆಯುತ್ತವೆ. ಈಚಲು, ಖರ್ಜೂರ, ಕೆನರಿ ಮೂರೂ ಇರುವ ತೋಟದಿಂದ ಬಂದ ಬೀಜ ತಾಯಿಯಂತೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಫೀನಿಕ್ಸ್, ಟ್ರಾಕಿಕಾರ್ಪಸ್, ತಾಳೆ, ಬಿಸ್ಮಾರ್ಕಿಯಾಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ. ಬೀಜ ಬೇಕೆಂದರೆ ಒಂದೇ ಗಿಡ ನೆಟ್ಟು ಕಾಯುವುದು ವ್ಯರ್ಥ. ನಾಲ್ಕೈದು ನೆಡಿ.

ಒಂದು ಬಾರಿ ಹೂಬಿಟ್ಟು ಸಾಯುವ ಜಾತಿಗಳನ್ನು ತಿಳಿದೇ ನೆಡಿ. ಶ್ರೀತಾಳೆ ಹಲವು ದಶಕ ಬೆಳೆದು, ನೆತ್ತಿಯ ಮೇಲೆ ಸಸ್ಯಲೋಕದಲ್ಲೇ ಅತಿ ದೊಡ್ಡ ಹೂಗೊಂಚಲನ್ನು ಎತ್ತಿ, ಬೀಜ ಉದುರಿಸಿ ಒಣಗುತ್ತದೆ. ಮಡಗಾಸ್ಕರಿನಲ್ಲಿ ಸಿಕ್ಕು 2008ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ತಾಹಿನಾ ಸ್ಪೆಕ್ಟಾಬಿಲಿಸ್ ಕೂಡ ಹೀಗೆಯೇ. ಬೈನೆ ಮೇಲಿನಿಂದ ಕೆಳಕ್ಕೆ ವರ್ಷಗಳ ಕಾಲ ಹೊಂಬಾಳೆ ಬಿಡುತ್ತಾ ಬಂದು, ಬುಡ ಮುಟ್ಟಿದ ಮೇಲೆ ಸಾಯುತ್ತದೆ. ಇಂಥವು ಮನೆಯ ಗೋಡೆಗೆ ಅಂಟಿಕೊಂಡು ಬೇಡ. ಸತ್ತ ದೈತ್ಯನನ್ನು ಕೆಡವುವ ಕೆಲಸ ಸಣ್ಣದಲ್ಲ.

ಅಪರೂಪದ ಹಿಂದೆ ಬೀಳುವವರು ಮಾರಿಷಸ್‌ನ ಹ್ಯೋಫೋರ್ಬೆ ಅಮರಿಕಾಲಿಸ್ ಬಗ್ಗೆ ತಿಳಿದಿರಬೇಕು: ಗೊತ್ತಿರುವಂತೆ ಭೂಮಿಯ ಮೇಲೆ ಉಳಿದಿರುವುದು ಕ್ಯೂರ್‌ಪಿಪ್ ಸಸ್ಯೋದ್ಯಾನದ ಒಂದೇ ಒಂದು ಮರ. ಕಾಡಿನಿಂದ ಕಿತ್ತ ಗಿಡವನ್ನೂ, ಮೂಲ ಹೇಳಲು ಹಿಂಜರಿಯುವವರ ಬೀಜವನ್ನೂ ಕೊಳ್ಳಬೇಡಿ. ಮಡಗಾಸ್ಕರಿನ ತ್ರಿಕೋನ ಪಾಮ್ ಸೇರಿದಂತೆ ಹಲವು ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ, ಅಳಿವಿನಂಚಿನ ಜೀವಿಗಳನ್ನು ಕಾಯುವ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ, ಮತ್ತು ಗಡಿ ದಾಟುವ ಬೀಜಕ್ಕೂ ಗಿಡಕ್ಕೂ ಬಹುತೇಕ ದೇಶಗಳು ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತವೆ. 1956ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪಾಮ್ ಸಂಘದಂಥ ಕೂಟಗಳ ಮೂಲಕ ಇತರ ಬೆಳೆಗಾರರ ಪರಿಚಯವಾದರೆ ತೋಟದಲ್ಲೇ ಬೆಳೆದ ಮರದ ಬೀಜಗಳು ಸಿಗುವ ದಾರಿ ತೆರೆಯುತ್ತದೆ.

ಹೊಸದಾಗಿ ಬಂದ ಗಿಡ ಎಷ್ಟೇ ಚೆಂದವಿದ್ದರೂ ಮೊದಲ ಆರರಿಂದ ಎಂಟು ವಾರ ಉಳಿದವುಗಳಿಂದ ದೂರವಿಡಿ. ಬೇರಿನ ಗಡ್ಡೆಯನ್ನು ಬಿಡಿಸಿ ತಿಗಣೆ ಇದೆಯೇ ನೋಡಿ, ಗರಿಯ ಅಡಿಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಸುಳಿಗರಿಗೆ ಶಾಯಿಯಿಂದ ಒಂದು ಗೆರೆ ಎಳೆದಿಡಿ. ಗೆರೆ ವಾರದಿಂದ ವಾರಕ್ಕೆ ಮೇಲೇರುತ್ತಿದ್ದರೆ ಬೇರು ಕೆಲಸ ಮಾಡುತ್ತಿದೆ ಎಂದರ್ಥ, ಆಗ ಗಿಡವನ್ನು ಒಳಗೆ ಸೇರಿಸಿಕೊಳ್ಳಬಹುದು.